ಓಟಿಪಿ ಕೊಟ್ಟರೆ ಸಹಿ ಹಾಕಿದಂತೆಯೇ? – ವಿದ್ಯುನ್ಮಾನ ಸಹಿ ಮತ್ತು ಕಾನೂನು



ನಮ್ಮ ಸಂಸ್ಥೆಯು ಹಳ್ಳಿಗಳಲ್ಲಿ ಮಹಿಳಾ ಸಂಘಗಳನ್ನು ಕಟ್ಟಲು ಆರಂಭಿಸಿದ ದಿನಗಳಲ್ಲಿ ಮೊದಲ ಪಾಠವೇ ಸಹಿ ಕಲಿಯುವುದಾಗಿತ್ತು. ಸಂಜೆ ಕೂಲಿ ಮುಗಿಸಿ ಬಂದ ತಾಯಂದಿರು ಸ್ಲೇಟು ಹಿಡಿದು ಕೂತು ತಮ್ಮ ಹೆಸರಿನ ಅಕ್ಷರಗಳನ್ನು ತಿದ್ದುತ್ತಿದ್ದರು. ಬ್ಯಾಂಕಿನಲ್ಲಿ ಮೊದಲ ಸಲ ಸಹಿ ಹಾಕಿ ಬಂದವರು, "ಇನ್ನು ಶಾಯಿ ಹತ್ತಿದ ಬೆರಳನ್ನ ಸೆರಗಿಗೆ ಒರೆಸೋದು ತಪ್ಪಿತು ಸಿಸ್ಟರ್" ಎಂದು ನಗುತ್ತಿದ್ದುದು ನಮಗೆ ಇಂದಿಗೂ ನೆನಪಿದೆ. ಹೆಬ್ಬೆಟ್ಟು ಎಂಬುದು ಆಗ ಬೈಗುಳದ ಮಾತಾಗಿತ್ತು.

ಈಗ ಅದೇ ಹೆಬ್ಬೆಟ್ಟು ತಿರುಗಿ ಬಂದಿದೆ. ರೇಷನ್ ಅಂಗಡಿಯಲ್ಲಿ, ಬ್ಯಾಂಕ್ ಮಿತ್ರರ ಕೈಯಲ್ಲಿರುವ ಯಂತ್ರದ ಮೇಲೆ, ಸಿಮ್ ಕೊಡುವ ಅಂಗಡಿಯಲ್ಲಿ ಬೆರಳು ಒತ್ತುತ್ತೇವೆ. ಬೆರಳು ಬೇಡವೆಂದರೆ ಫೋನಿಗೆ ಬಂದ ಆರು ಅಂಕಿಗಳನ್ನು ಹೇಳುತ್ತೇವೆ. ಓದಿದವರೂ ಓದದವರೂ ಇದನ್ನೇ ಮಾಡುತ್ತಾರೆ.

ಹಾಗಾಗಿ ಇತ್ತೀಚಿನ ವರ್ಷಗಳಲ್ಲಿ ಸಂಘದ ಸಭೆಗಳಿಗೆ ಹೋದಾಗಲೆಲ್ಲ ನಮಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ. ಮೊದಲನೆಯದು: "ಸಿಸ್ಟರ್, ಈ ಜಾತಿ ಸರ್ಟಿಫಿಕೇಟಿಗೆ ಸಾಹೇಬರ ಸೈನೂ ಇಲ್ಲ, ಸೀಲೂ ಇಲ್ಲ. ಇದು ನಡೆಯುತ್ತಾ?" ಎರಡನೆಯದು: "ನಾನು ಎಲ್ಲೂ ಸೈನೇ ಹಾಕಿಲ್ಲ. ನಂಬರ್ ಕೇಳಿದ್ರು, ಹೇಳ್ದೆ ಅಷ್ಟೆ. ನನ್ನ ಮೇಲೆ ಸಾಲ ಹೇಗೆ ಬಂತು?"

ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಉತ್ತರದ ಬೇರು ಒಂದೇ. ಶಾಯಿಯಿಲ್ಲದ ಸಹಿಗೂ ನಮ್ಮ ದೇಶದ ಕಾನೂನು ಮಾನ್ಯತೆ ಕೊಟ್ಟಿದೆ. ಆ ಮಾನ್ಯತೆಯಿಂದ ನಮಗೆ ಅನುಕೂಲವೂ ಇದೆ, ಅದರ ಅರಿವಿಲ್ಲದಿದ್ದರೆ ಅಪಾಯವೂ ಇದೆ. ಈ ಸಂಚಿಕೆಯಲ್ಲಿ ಇದನ್ನೇ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಸಹಿ ಎಂದರೆ ಏನು?

ಪವಿತ್ರ ಬೈಬಲ್ಲಿನಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ 32ನೇ ಅಧ್ಯಾಯದಲ್ಲಿ ಒಂದು ಹೊಲದ ಕ್ರಯದ ಪ್ರಸಂಗವಿದೆ. ಜೆರುಸಲೇಮಿಗೆ ಶತ್ರುಗಳು ಮುತ್ತಿಗೆ ಹಾಕಿದ್ದ ಸಮಯ. ಯೆರೆಮೀಯನು ಸೆರೆಯಲ್ಲಿದ್ದನು. ಆಗ ಅವನು ತನ್ನ ಚಿಕ್ಕಪ್ಪನ ಮಗನಿಂದ ಅನಾತೋತಿನಲ್ಲಿದ್ದ ಹೊಲವನ್ನು 17 ಶೆಕೆಲ್ ಬೆಳ್ಳಿಗೆ ಕೊಂಡುಕೊಳ್ಳುತ್ತಾನೆ. ಪತ್ರಕ್ಕೆ ಸಹಿ ಹಾಕಿ, ಮುದ್ರೆ ಒತ್ತಿ, ಸಾಕ್ಷಿಗಳನ್ನು ಕರೆಸಿ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಮುದ್ರೆ ಹಾಕಿದ ಪ್ರತಿ ಒಂದು, ತೆರೆದಿರುವ ಪ್ರತಿ ಇನ್ನೊಂದು. ಎರಡನ್ನೂ ಬಹುಕಾಲ ಉಳಿಯುವಂತೆ ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ.

ಈ ಪ್ರಸಂಗವನ್ನು ನಾವು ದೇವರ ಮೇಲಿನ ಭರವಸೆಯ ಪಾಠವಾಗಿ ಓದುತ್ತೇವೆ. ಅದರ ಜೊತೆಗೆ ವ್ಯವಹಾರದ ಪಾಠವೂ ಅಲ್ಲಿದೆ. ಒಂದು ಪತ್ರಕ್ಕೆ ಬಲ ಬರಬೇಕಾದರೆ ನಾಲ್ಕು ವಿಷಯಗಳು ಗೊತ್ತಾಗಬೇಕು. ಮಾಡಿದವರು ಯಾರು? ಅವರು ಒಪ್ಪಿ ಮಾಡಿದರೇ? ಮಾಡಿದ ಮೇಲೆ ಪತ್ರವನ್ನು ಯಾರಾದರೂ ತಿದ್ದಿದ್ದಾರೆಯೇ? ಬೇಕೆಂದಾಗ ಪತ್ರ ಸಿಗುತ್ತದೆಯೇ? ಸಹಿ, ಮುದ್ರೆ, ಸಾಕ್ಷಿ, ಮಡಕೆ ಎಲ್ಲವೂ ಈ ನಾಲ್ಕು ಪ್ರಶ್ನೆಗಳಿಗಾಗಿಯೇ ಇವೆ.

ಕಾನೂನು ಎಂದೂ ಅಂದವಾದ ಅಕ್ಷರವನ್ನೇ ಸಹಿ ಎಂದು ಹೇಳಿಲ್ಲ. 1897ರ ಸಾಮಾನ್ಯ ಖಂಡಗಳ ಕಾಯ್ದೆಯ ಪ್ರಕಾರ ಹೆಸರು ಬರೆಯಲು ಬಾರದವರು ಹಾಕುವ ಗುರುತೂ ಸಹಿಯೇ ಆಗಿರುತ್ತದೆ. ನಮ್ಮ ಅಜ್ಜಿಯಂದಿರ ಹೆಬ್ಬೆಟ್ಟಿಗೆ ಬೆಲೆ ಇದ್ದುದು ಇದರಿಂದಲೇ. ಕಂಪ್ಯೂಟರ್ ಬಂದಾಗ ಕಾನೂನು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು.

2000ನೇ ಇಸವಿಯ ಕಾಯ್ದೆ

ಕಂಪ್ಯೂಟರ್ ಮೂಲಕ ವ್ಯಾಪಾರ ಬೆಳೆದಂತೆ ಪ್ರತಿ ದೇಶಕ್ಕೂ ಒಂದೇ ತೊಂದರೆ ಎದುರಾಯಿತು. ಹಳೆಯ ಕಾನೂನುಗಳೆಲ್ಲ "ಲಿಖಿತವಾಗಿರಬೇಕು", "ಸಹಿ ಇರಬೇಕು" ಎನ್ನುತ್ತಿದ್ದವು. ಕಂಪ್ಯೂಟರಿನಲ್ಲಿ ಇರುವುದನ್ನು ಲಿಖಿತ ಎನ್ನಬಹುದೇ? ಇದಕ್ಕೆ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು 1996ರಲ್ಲಿ ಒಂದು ಮಾದರಿ ಕಾನೂನನ್ನು ಸಿದ್ಧಪಡಿಸಿತು. ಅದರ ಆಧಾರದ ಮೇಲೆ ನಮ್ಮ ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಅಂಗೀಕರಿಸಿತು. 9 ಜೂನ್ 2000ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, 17 ಅಕ್ಟೋಬರ್ 2000ರಿಂದ ಅದು ಜಾರಿಗೆ ಬಂತು.

ಈ ಕಾಯ್ದೆಯಲ್ಲಿ ನಮಗೆ ಮುಖ್ಯವಾದ ಮೂರು ಕಲಂಗಳಿವೆ.

ಕಲಂ 4: ಕಾನೂನು ಯಾವುದನ್ನು ಲಿಖಿತವಾಗಿರಬೇಕು ಎನ್ನುತ್ತದೋ ಅದು ಕಂಪ್ಯೂಟರಿನಲ್ಲಿದ್ದು, ಮುಂದೆ ಬೇಕಾದಾಗ ತೆಗೆದು ನೋಡುವಂತಿದ್ದರೆ ಸಾಕು.

ಕಲಂ 5: ಕಾನೂನು ಎಲ್ಲಿ ಸಹಿ ಬೇಕು ಎನ್ನುತ್ತದೋ ಅಲ್ಲಿ ನಿಯಮದಂತೆ ಹಾಕಿದ ವಿದ್ಯುನ್ಮಾನ ಸಹಿಯೂ ನಡೆಯುತ್ತದೆ.

ಕಲಂ 10ಎ: ಒಂದು ಒಪ್ಪಂದವನ್ನು ವಿದ್ಯುನ್ಮಾನ ರೀತಿಯಲ್ಲಿ ಮಾಡಿಕೊಳ್ಳಲಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ.

ಈ ಮೂರನೆಯದು ಮೊದಲು ಇರಲಿಲ್ಲ. 2008ರ ತಿದ್ದುಪಡಿಯಿಂದ ಸೇರಿ 27 ಅಕ್ಟೋಬರ್ 2009ರಿಂದ ಜಾರಿಗೆ ಬಂತು. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ನಡುವಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಇ-ಮೇಲ್‌ಗಳ ಮೂಲಕ ಎರಡೂ ಕಡೆಯವರು ಒಪ್ಪಿಕೊಂಡಿದ್ದರೆ ಕಾಗದದ ಕರಾರು ಬರೆಯದಿದ್ದರೂ ಒಪ್ಪಂದ ಆದಂತೆಯೇ ಎಂದು ತೀರ್ಪು ನೀಡಿತು.

2000ದ ಕಾಯ್ದೆಯು ಡಿಜಿಟಲ್ ಸಹಿ ಎಂಬ ಒಂದೇ ವಿಧಾನವನ್ನು ಒಪ್ಪಿತ್ತು. 2008ರ ತಿದ್ದುಪಡಿಯು ಬೇರೆ ವಿಧಾನಗಳಿಗೂ ಬಾಗಿಲು ತೆರೆಯಿತು. ಅದರಂತೆ 2015ರಲ್ಲಿ ಆಧಾರ್ ಆಧಾರಿತ ಇ-ಸಹಿಗೆ ನಿಯಮಗಳು ಬಂದವು. ಹಳ್ಳಿಯವರೆಗೆ ಬಂದು ಮುಟ್ಟಿರುವುದು ಹೆಚ್ಚಾಗಿ ಈ ಎರಡನೆಯದೇ.

ಅದು ಕೆಲಸ ಮಾಡುವುದು ಹೇಗೆ?

ಸಹಿಯ ಚಿತ್ರವನ್ನು ಸ್ಕ್ಯಾನ್ ಮಾಡಿ ಕಾಗದದ ಕೆಳಗೆ ಅಂಟಿಸಿದರೆ ಅದು ಡಿಜಿಟಲ್ ಸಹಿ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಅಂತಹ ಚಿತ್ರವನ್ನು ಯಾರು ಬೇಕಾದರೂ ಕತ್ತರಿಸಿ ಅಂಟಿಸಬಹುದು.

ನಿಜವಾದ ಡಿಜಿಟಲ್ ಸಹಿಯಲ್ಲಿ ಜೋಡಿ ಕೀಲಿಗಳಿರುತ್ತವೆ. ಒಂದು ಗುಟ್ಟಿನ ಕೀಲಿ, ಅದು ಸಹಿ ಹಾಕುವವರ ಬಳಿ ಮಾತ್ರ ಇರಬೇಕು. ಇನ್ನೊಂದು ಬಹಿರಂಗ ಕೀಲಿ, ಅದನ್ನು ಎಲ್ಲರಿಗೂ ಕೊಡಬಹುದು. ಮೊದಲು ಕಂಪ್ಯೂಟರ್ ಇಡೀ ಪತ್ರವನ್ನು ಲೆಕ್ಕ ಹಾಕಿ ಅದಕ್ಕೆ ಒಂದು ಸಣ್ಣ ಗುರುತನ್ನು ತೆಗೆಯುತ್ತದೆ. ಇದನ್ನು ಪತ್ರದ ಬೆರಳಚ್ಚು ಎಂದು ಕರೆಯಬಹುದು. ಪತ್ರದಲ್ಲಿರುವ 1,000 ರೂಪಾಯಿಯನ್ನು 7,000 ಎಂದು ತಿದ್ದಿದರೆ ಈ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ಆ ಬೆರಳಚ್ಚಿಗೆ ಗುಟ್ಟಿನ ಕೀಲಿಯಿಂದ ಮುದ್ರೆ ಹಾಕಲಾಗುತ್ತದೆ. ಪರೀಕ್ಷಿಸುವವರು ಬಹಿರಂಗ ಕೀಲಿಯಿಂದ ನೋಡಿದಾಗ ಎರಡು ಸಂಗತಿ ತಿಳಿಯುತ್ತದೆ: ಮುದ್ರೆ ಯಾರದು, ಮತ್ತು ಮುದ್ರೆ ಬಿದ್ದ ಮೇಲೆ ಪತ್ರ ಬದಲಾಗಿದೆಯೋ ಇಲ್ಲವೋ.

ಆ ಕೀಲಿ ಇಂಥವರದೇ ಎಂದು ಹೇಳಲು ಒಬ್ಬರು ಸಾಕ್ಷಿ ಬೇಕಲ್ಲವೇ? ಆ ಕೆಲಸವನ್ನು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳು ಮಾಡುತ್ತವೆ. ಅವುಗಳ ಮೇಲೆ ಕೇಂದ್ರ ಸರ್ಕಾರದ ನಿಯಂತ್ರಕರು ಇರುತ್ತಾರೆ.

ಅಧಿಕಾರಿಗಳು, ಲೆಕ್ಕ ಪರಿಶೋಧಕರು ತಮ್ಮ ಗುಟ್ಟಿನ ಕೀಲಿಯನ್ನು ಪೆನ್‌ಡ್ರೈವ್‌ನಂತಹ ಟೋಕನ್‌ನಲ್ಲಿ ಇಟ್ಟುಕೊಳ್ಳುತ್ತಾರೆ. ಸಾಮಾನ್ಯ ಜನರ ಬಳಿ ಅದು ಇಲ್ಲ. ಹಾಗಾಗಿ ಇ-ಸಹಿಯಲ್ಲಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ, ಇಲ್ಲವೇ ಬೆರಳು ಒತ್ತಿಸುತ್ತಾರೆ. ಇವರೇ ಆ ವ್ಯಕ್ತಿ ಎಂದು ಖಚಿತವಾದ ಮೇಲೆ ಆ ಒಂದು ಸಹಿಗಾಗಿಯೇ ಕೀಲಿಯನ್ನು ಸೃಷ್ಟಿಸಿ, ಸಹಿ ಬಿದ್ದ ನಂತರ ಅದನ್ನು ಅಳಿಸಲಾಗುತ್ತದೆ. ನಾವು ಹೇಳಿದ್ದು ಆರು ಅಂಕಿ ಮಾತ್ರ. ಆದರೆ ಹತ್ತಾರು ಪುಟದ ಪತ್ರದ ಕೆಳಗೆ ನಮ್ಮ ಸಹಿ ಬಿದ್ದಿರುತ್ತದೆ.

ಎಲ್ಲ ಓಟಿಪಿಯೂ ಇ-ಸಹಿಯಲ್ಲ. ಗ್ಯಾಸ್ ಸಿಲಿಂಡರ್ ತಂದವರಿಗೆ ಹೇಳುವ ನಂಬರು ಸಿಲಿಂಡರ್ ತಲುಪಿತು ಎಂಬುದಕ್ಕೆ ಗುರುತು. ಬ್ಯಾಂಕಿನ ಓಟಿಪಿ ಹಣ ಕಳುಹಿಸಲು ಅಪ್ಪಣೆ. ಇನ್ನು ಕೆಲವು ಕಡೆ ಓಟಿಪಿಯು ಕಾಯ್ದೆಯ ಅರ್ಥದಲ್ಲಿ ಸಹಿ ಅಲ್ಲದಿದ್ದರೂ "ಈ ಷರತ್ತಿಗೆ ನಾನು ಒಪ್ಪಿದ್ದೇನೆ" ಎನ್ನುವುದಕ್ಕೆ ಪುರಾವೆಯಾಗುತ್ತದೆ. ಯಾವುದಕ್ಕೆ ಯಾವ ಓಟಿಪಿ ಎಂದು ಬಿಡಿಸಿ ಹೇಳುವುದು ಓದಿದವರಿಗೂ ಕಷ್ಟ. ಆದ್ದರಿಂದ ಅಪರಿಚಿತರು ಕೇಳುವ ಪ್ರತಿ ಓಟಿಪಿಯನ್ನೂ ಸಹಿ ಎಂದೇ ತಿಳಿಯುವುದು ಕ್ಷೇಮ.

ಮೊದಲ ಪ್ರಶ್ನೆಗೆ ಉತ್ತರ: ಸೀಲಿಲ್ಲದ ಕಾಗದ ನಡೆಯುತ್ತದೆಯೇ?

ನಡೆಯುತ್ತದೆ. ನಮ್ಮ ರಾಜ್ಯದ ಪಹಣಿಯೇ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಪಹಣಿಯನ್ನು ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದರು. ಅವರು ಸಿಕ್ಕಿದ ದಿನವೇ ಪುಣ್ಯ. ಪುಸ್ತಕದಲ್ಲಿ ಯಾರ ಹೆಸರು ಯಾವಾಗ ಸೇರಿತು, ಯಾವಾಗ ಹೋಯಿತು ಎಂದು ಬಡ ರೈತನಿಗೆ ಗೊತ್ತಾಗುತ್ತಿರಲಿಲ್ಲ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಲಾಯಿತು. ತಾಲ್ಲೂಕು ಕಚೇರಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ವಿಶೇಷವೆಂದರೆ ಖಾತೆ ಬದಲಾವಣೆ ಮಾಡುವ ಅಧಿಕಾರಿಯೂ ಸಿಬ್ಬಂದಿಯೂ ಯಂತ್ರದ ಮೇಲೆ ಬೆರಳು ಒತ್ತಿಯೇ ಕೆಲಸ ಆರಂಭಿಸಬೇಕಾಗಿತ್ತು. "ನಾನು ಮಾಡಿಲ್ಲ" ಎಂದು ಆಮೇಲೆ ಹೇಳುವಂತಿರಲಿಲ್ಲ. ಹೆಬ್ಬೆಟ್ಟು ಸಾಹೇಬರಿಗೂ ಬಂತು!

ಇಂದು ಪಹಣಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಡಿಜಿಟಲ್ ಸಹಿಯೊಂದಿಗೆ ಬರುತ್ತವೆ. ಶಾಯಿಯ ಸಹಿ ಇಲ್ಲವೆಂದು ಯಾರಾದರೂ ತಿರಸ್ಕರಿಸಿದರೆ ಹೆದರಬೇಡಿ. ಅದರ ಮೇಲಿರುವ ಸಂಖ್ಯೆಯನ್ನು ತೋರಿಸಿ, "ವೆಬ್‌ಸೈಟಿನಲ್ಲಿ ಹಾಕಿ ನೋಡಿ ಸಾರ್" ಎಂದು ವಿನಯವಾಗಿ ಹೇಳಿ. ಮುದ್ರಿಸಿದ ಹಾಳೆಯೊಳಗೆ ಡಿಜಿಟಲ್ ಸಹಿ ಬರುವುದಿಲ್ಲ, ಅದು ಕಂಪ್ಯೂಟರ್ ಪ್ರತಿಯಲ್ಲಿ ಮಾತ್ರ ಇರುತ್ತದೆ. ಹಾಳೆಯನ್ನು ನಂಬಬೇಕಾದರೆ ಸಂಖ್ಯೆಯನ್ನೋ ಚೌಕಾಕಾರದ ಕ್ಯೂಆರ್ ಗುರುತನ್ನೋ ಪರಿಶೀಲಿಸಬೇಕು.

ಕೆಲವೊಮ್ಮೆ ಕಂಪ್ಯೂಟರಿನಲ್ಲಿ ತೆರೆದಾಗ ಸಹಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಂದು, ಸಹಿ ಪರಿಶೀಲನೆ ಆಗಿಲ್ಲ ಎಂಬ ಅರ್ಥದ ಇಂಗ್ಲಿಷ್ ಮಾತು ಕಾಣಿಸುತ್ತದೆ. ಅಷ್ಟಕ್ಕೇ ಪತ್ರ ಸುಳ್ಳು ಎಂದಲ್ಲ. ಆ ಕಂಪ್ಯೂಟರ್ ಇನ್ನೂ ಪರಿಶೀಲಿಸಿಲ್ಲ ಎಂದಷ್ಟೇ ಅರ್ಥ. ತಿಳಿದವರಿಂದ ಪರಿಶೀಲನೆ ಮಾಡಿಸಿದರೆ ಸರಿ ಗುರುತು ಬರುತ್ತದೆ, ಇಲ್ಲವೇ ದೋಷವಿದ್ದರೆ ತಿಳಿಯುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ: ಸಹಿ ಹಾಕದೆ ಸಾಲ ಹೇಗೆ ಬಂತು?

ಇಲ್ಲಿ ನಾವು ಎದುರಿಸಿದ ಎರಡು ಪ್ರಸಂಗಗಳನ್ನು ಹೇಳಬೇಕು. ಹೆಸರು, ಊರು ಬೇಡ.

ನಮ್ಮ ಒಂದು ಸಂಘದ ಸದಸ್ಯೆ, ವಿಧವೆ, ಎರಡು ಕುರಿ ಸಾಕಿಕೊಂಡು ಕೂಲಿ ಮಾಡುವವರು. ಒಂದು ದಿನ ಟ್ಯಾಬ್ ಹಿಡಿದ ಯುವಕನೊಬ್ಬ ಮನೆಗೆ ಬಂದು, "ಆಂಟಿ, ನಿಮ್ಮ ಖಾತೆ ಕೆವೈಸಿ ಆಗಿಲ್ಲ, ನಿಂತುಹೋಗುತ್ತೆ" ಎಂದನಂತೆ. ಎರಡು ಸಲ ಓಟಿಪಿ ಕೇಳಿದ. ಇವರು ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಖಾತೆ ಪರಿಶೀಲನೆ ಎಂದು ಯಂತ್ರದ ಮೇಲೆ ಬೆರಳು ಒತ್ತಿಸಿದ. "ಸರಿಯಾಗಿ ಬೀಳ್ತಿಲ್ಲ, ಇನ್ನೊಂದ್ಸಲ ಒತ್ತಿ" ಎಂದ. ಒತ್ತಿದರು. ನೀರು ಕೊಟ್ಟು ಕಳುಹಿಸಿದರು.

ಮುಂದಿನ ತಿಂಗಳು ಕಂತು ಕಟ್ಟಿ ಎಂದು ಫೋನ್ ಬಂತು. ಹೆದರಿ ಎರಡು ಕಂತು ಕಟ್ಟಿದ ಮೇಲೆ ನಮ್ಮ ಬಳಿಗೆ ಬಂದರು. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ನೋಡಿದರೆ ಎಲ್ಲವೂ ಅಲ್ಲಿಯೇ ಇತ್ತು. 20,000 ರೂಪಾಯಿ ಸಾಲದಲ್ಲಿ ಶುಲ್ಕ ಕಳೆದು 19,300 ಜಮೆ. ಅದೇ ದಿನ ಬೆರಳಚ್ಚಿನ ಮೂಲಕ ಒಮ್ಮೆ 10,000, ಇನ್ನೊಮ್ಮೆ 9,000 ತೆಗೆಯಲಾಗಿತ್ತು. ಓಟಿಪಿ ಸಾಲಪತ್ರಕ್ಕೆ ಸಹಿಯಾಗಿತ್ತು. ಎರಡು ಸಲ ಒತ್ತಿದ ಬೆರಳು ಎರಡು ಸಲ ಹಣ ತೆಗೆಯುವ ಚೀಟಿಯಾಗಿತ್ತು.

ನಾವು ಸಾಲ ಕೊಟ್ಟ ಕಂಪನಿಯ ಕಚೇರಿಗೆ ಹೋದೆವು. ಅವರು ಹದಿನಾಲ್ಕು ಪುಟಗಳ ಪತ್ರ ತೋರಿಸಿದರು. ಪೂರ್ತಿ ಇಂಗ್ಲಿಷ್. ಕೊನೆಯಲ್ಲಿ ಆ ತಾಯಿಯ ಹೆಸರು, ದಿನಾಂಕ, ಗಂಟೆ, ನಿಮಿಷ. ತಾವು ಓದಲಾರದ ಅಕ್ಷರದಲ್ಲಿ ತಮ್ಮದೇ ಸಹಿ! "ಇದು ನಾನಾ ಸಿಸ್ಟರ್?" ಎಂದು ಅವರು ನಮ್ಮ ಮುಖ ನೋಡಿದರು.

ಇಂಥಲ್ಲಿ "ನಾನು ಪೆನ್ನು ಹಿಡಿದು ಸಹಿ ಹಾಕಿಲ್ಲ" ಎಂಬ ವಾದ ನಿಲ್ಲುವುದಿಲ್ಲ. ಕಾನೂನು ಆ ಬಾಗಿಲನ್ನು ಮುಚ್ಚಿದೆ. ಆದರೆ ಬೇರೆ ಬಾಗಿಲುಗಳು ತೆರೆದಿವೆ.

1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಒಪ್ಪಿಗೆಯು ಮುಕ್ತವಾಗಿರಬೇಕು. ವಂಚನೆಯಿಂದಲೋ ಸುಳ್ಳು ಹೇಳಿಯೋ ಪಡೆದ ಒಪ್ಪಿಗೆಯನ್ನು ಮೋಸಹೋದವರು ರದ್ದುಪಡಿಸಲು ಕೇಳಬಹುದು. ಸಹಿ ಕಾಗದದ ಮೇಲಿದ್ದರೂ ಅಷ್ಟೆ, ಟ್ಯಾಬಿನಲ್ಲಿದ್ದರೂ ಅಷ್ಟೆ. ವಿದ್ಯುನ್ಮಾನ ಸಹಿ ಎಂಬುದು ಒಪ್ಪಿಗೆಯ ಗುರುತೇ ಹೊರತು ಅರ್ಥಮಾಡಿಕೊಂಡು ಒಪ್ಪಿದರು ಎಂಬುದಕ್ಕೆ ಪೂರ್ಣ ಪ್ರಮಾಣವಲ್ಲ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ಸಿ ಪ್ರಕಾರ ಇನ್ನೊಬ್ಬರ ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ಅವರಿಗೇ ವಿಶಿಷ್ಟವಾದ ಗುರುತನ್ನು ಮೋಸದಿಂದ ಬಳಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕಂಪ್ಯೂಟರ್ ಅಥವಾ ಫೋನ್ ಬಳಸಿ ಬೇರೆಯವರಂತೆ ನಟಿಸಿ ವಂಚಿಸುವುದಕ್ಕೂ ಕಲಂ 66ಡಿ ಅಡಿಯಲ್ಲಿ ಇಷ್ಟೇ ಶಿಕ್ಷೆ ಇದೆ.

ಇದಲ್ಲದೆ ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯಂತೆ, ಬಡ್ಡಿ, ಶುಲ್ಕ, ಕಂತು ಎಲ್ಲವನ್ನೂ ತಿಳಿಸುವ ಮುಖ್ಯಾಂಶ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟು, ವಿವರಿಸಿ, ವಿವರಿಸಿದ್ದಕ್ಕೆ ಒಪ್ಪಿಗೆ ಪಡೆಯಬೇಕು. "ಕನ್ನಡದ ಆ ಪತ್ರ ಎಲ್ಲಿ?" ಎಂದು ನಾವು ಕೇಳಿದೆವು. ಅವರ ಬಳಿ ಇರಲಿಲ್ಲ.

ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆವು. ಪೊಲೀಸರಿಗೆ ಸೈಬರ್ ದೂರು ದಾಖಲಿಸಿದೆವು. ಮೂವತ್ತು ದಿನವಾದರೂ ಕಂಪನಿ ಉತ್ತರಿಸದಿದ್ದಾಗ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆದೆವು. ಏಳು ತಿಂಗಳ ಓಡಾಟದ ನಂತರ ಆ ಸಾಲವನ್ನು ಮುಕ್ತಾಯಗೊಳಿಸಿದರು. ಕಟ್ಟಿದ ಎರಡು ಕಂತು ಹಿಂದಿರುಗಲಿಲ್ಲ. ಆ ಯುವಕ ಇನ್ನೂ ಸಿಕ್ಕಿಲ್ಲ.

ಎರಡನೆಯ ಪ್ರಸಂಗ ಇನ್ನೂ ಕಷ್ಟದ್ದು. ಇನ್ನೊಬ್ಬ ಸದಸ್ಯೆ ತನ್ನ ಮೈದುನನಿಗಾಗಿ ಓಟಿಪಿ ಕೊಟ್ಟರು. "ನನ್ನ ಹೆಸರಲ್ಲಿ ಸಿಗಲ್ಲ ಅತ್ತಿಗೆ, ನಿಮ್ಮ ಹೆಸರಲ್ಲಿ ತಗೋತೀನಿ, ಕಂತು ನಾನೇ ಕಟ್ತೀನಿ" ಎಂದಿದ್ದ. ನಾಲ್ಕು ಕಂತು ಕಟ್ಟಿ ಬಿಟ್ಟ. ಈ ತಾಯಿಗೆ ಯಾರೂ ಸುಳ್ಳು ಹೇಳಿರಲಿಲ್ಲ, ಸಾಲವೆಂದು ಗೊತ್ತಿತ್ತು. ಕಾಗದಕ್ಕೆ ಸಹಿ ಹಾಕು ಎಂದಿದ್ದರೆ ಬಹುಶಃ ಯೋಚಿಸುತ್ತಿದ್ದರು, ಗಂಡನನ್ನು ಕೇಳುತ್ತಿದ್ದರು. ಆರು ಅಂಕಿಯಲ್ಲವೇ ಎಂದು ಕೊಟ್ಟುಬಿಟ್ಟರು. ನಾವು ಎಲ್ಲ ಕಾಗದ ನೋಡಿದರೂ ಹೇಳಲು ಬೇರೆ ಮಾತಿರಲಿಲ್ಲ. ಆ ಸಾಲ ಅವರದೇ. ಇಂದಿಗೂ ಹಾಲು ಮಾರಿ ಕಟ್ಟುತ್ತಿದ್ದಾರೆ.

ಯಾವುದಕ್ಕೆ ಈ ಸಹಿ ನಡೆಯುವುದಿಲ್ಲ?

ಕಾಯ್ದೆಯು ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸಿಲ್ಲ. ಅದರ ಮೊದಲನೇ ಅನುಸೂಚಿಯಲ್ಲಿ ಕೆಲವನ್ನು ಹೊರಗಿಟ್ಟಿದೆ.

ಮರಣಶಾಸನ, ಅಂದರೆ ವಿಲ್: ಇದು ವಿದ್ಯುನ್ಮಾನ ರೀತಿಯಲ್ಲಿ ನಡೆಯುವುದಿಲ್ಲ. ಕ್ರೈಸ್ತರಾದ ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರ ಪ್ರಕಾರ ವಿಲ್ ಬರೆದವರು ಸಹಿ ಅಥವಾ ಗುರುತು ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಕೆಲವು ಹಿರಿಯರು, "ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಟ್ಟಿದ್ದೀನಿ, ಯಾವ ಮಗನಿಗೆ ಏನು ಅಂತ" ಎನ್ನುತ್ತಾರೆ. ಅದು ವಿಲ್ ಆಗುವುದಿಲ್ಲ. ದಯವಿಟ್ಟು ಕಾಗದದ ಮೇಲೆ ಬರೆಸಿ.

ಟ್ರಸ್ಟ್ ಪತ್ರ, ಅಧಿಕಾರ ಪತ್ರ ಅಥವಾ ಜಿಪಿಎ, ಪ್ರಾಮಿಸರಿ ನೋಟು: ಇವು ಕೂಡ ಹೊರಗಿವೆ. ಆದರೆ 2022ರ ಬದಲಾವಣೆಯಿಂದ ರಿಸರ್ವ್ ಬ್ಯಾಂಕ್ ಮುಂತಾದ ನಿಯಂತ್ರಕರ ಅಡಿಯಲ್ಲಿರುವ ಬ್ಯಾಂಕು, ಹಣಕಾಸು ಸಂಸ್ಥೆಗಳಿಗೆ ಬರೆದುಕೊಡುವ ಆನ್ ಡಿಮ್ಯಾಂಡ್ ನೋಟು ಹಾಗೂ ಅಧಿಕಾರ ಪತ್ರಗಳಿಗೆ ವಿನಾಯಿತಿ ಸಿಕ್ಕಿದೆ. ಬಡವರು ಹೆಚ್ಚಾಗಿ ಸಹಿ ಹಾಕುವುದು ಇಂಥವಕ್ಕೇ ಆದ್ದರಿಂದ ಇದನ್ನು ತಿಳಿದಿರಬೇಕು.

ಜಮೀನು, ಮನೆ ಮಾರಾಟ: ಮೊದಲು ಇದರ ಕರಾರೂ ಪಟ್ಟಿಯಲ್ಲಿತ್ತು. 2022ರಲ್ಲಿ ಅದನ್ನು ತೆಗೆದುಹಾಕಲಾಯಿತು. ಹಾಗೆಂದು ಫೋನಿನಲ್ಲಿ ಒಪ್ಪಿದರೆ ಜಮೀನು ಕೈಬದಲಾಗುವುದಿಲ್ಲ. ಮುದ್ರಾಂಕ ಶುಲ್ಕ, ಉಪನೋಂದಣಿ ಕಚೇರಿಯ ನೋಂದಣಿ ಇಂದಿಗೂ ಕಡ್ಡಾಯ.

ಮೆಸೇಜು ಅಳಿಸಬೇಡಿ

ನ್ಯಾಯಾಲಯದಲ್ಲಿ ಫೋನಿನ ಮೆಸೇಜು, ರೆಕಾರ್ಡಿಂಗ್ ಮುಂತಾದವು ಸಾಕ್ಷ್ಯವಾಗುತ್ತವೆ. ಹಳೆಯ ಸಾಕ್ಷ್ಯ ಕಾಯ್ದೆಯ ಬದಲಿಗೆ 1 ಜುಲೈ 2024ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಅದರ ಕಲಂ 63ರಂತೆ, ಫೋನಿನಲ್ಲಿರುವುದರ ಪ್ರತಿಯನ್ನು ಕೊಡುವಾಗ ಅದು ಯಾವ ಉಪಕರಣದಿಂದ ಹೇಗೆ ತೆಗೆದದ್ದು ಎಂಬ ಪ್ರಮಾಣಪತ್ರವನ್ನೂ ಜೊತೆಗೆ ಕೊಡಬೇಕು. ಇದನ್ನು ವಕೀಲರು ನೋಡಿಕೊಳ್ಳುತ್ತಾರೆ. ಮೂಲ ಮೆಸೇಜು ಇರುವ ಫೋನನ್ನು ಜೋಪಾನ ಮಾಡುವುದು ನಮ್ಮ ಕೆಲಸ. ಯೆರೆಮೀಯನ ಕಾಲದಲ್ಲಿ ಮಡಕೆ ಮಾಡಿದ ಕೆಲಸವನ್ನು ಈಗ ಆ ಸಣ್ಣ ಫೋನು ಮಾಡಬೇಕಾಗಿದೆ. ಜಾಗ ತುಂಬಿತೆಂದು ಮಕ್ಕಳು ಮೆಸೇಜುಗಳನ್ನು ಅಳಿಸದಂತೆ ಎಚ್ಚರ ವಹಿಸಿ.

ನಾವು ಮಾಡಬೇಕಾದುದೇನು?

1. ಯಾವುದಕ್ಕೆ ಎಂದು ಕೇಳದೆ ಓಟಿಪಿ ಹೇಳಬೇಡಿ. ಮೆಸೇಜು ಇಂಗ್ಲಿಷಿನಲ್ಲಿದ್ದರೆ ನಂಬಿಕೆಯವರಿಂದ ಓದಿಸಿ. "ಈಗಲೇ ಹೇಳಿ, ಟೈಮ್ ಆಗುತ್ತೆ" ಎಂದು ಅವಸರಪಡಿಸಿದರೆ ಅದೇ ಎಚ್ಚರಿಕೆಯ ಗಂಟೆ.

2. ಯಂತ್ರದ ಮೇಲೆ ಬೆರಳು ಒತ್ತುವ ಮೊದಲು ಪರದೆಯಲ್ಲಿ ಮೊತ್ತ ನೋಡಿ. ಒತ್ತಿದ ಮೇಲೆ ಚೀಟಿ ಕೇಳಿ. ಎರಡನೇ ಸಲ ಒತ್ತಿ ಎಂದರೆ ಮೊದಲನೆಯದು ಆಗಿಲ್ಲವೆಂಬ ಚೀಟಿ ಅಥವಾ ಮೆಸೇಜು ತೋರಿಸಲು ಹೇಳಿ.

3. ಬೆರಳಚ್ಚು ಹೆಚ್ಚಾಗಿ ಬಳಸದವರು ಆಧಾರ್ ವೆಬ್‌ಸೈಟಿನಲ್ಲಿ ಅಥವಾ ಆ್ಯಪಿನಲ್ಲಿ ಅದನ್ನು ಲಾಕ್ ಮಾಡಿಸಬಹುದು. ಬೇಕಾದಾಗ ತೆರೆಯಬಹುದು. ಆಧಾರ್ ಸಹಾಯವಾಣಿ 1947.

4. ನಿಮ್ಮ ಆಧಾರ್‌ಗೆ ಯಾರ ಮೊಬೈಲ್ ನಂಬರ್ ಜೋಡಣೆಯಾಗಿದೆ ಎಂದು ಇಂದೇ ವಿಚಾರಿಸಿ. ನಮ್ಮ ಸಂಘಗಳ ಎಷ್ಟೋ ತಾಯಂದಿರ ಆಧಾರ್‌ಗೆ ಗಂಡನ, ಮಗನ, ಅಳಿಯನ ನಂಬರ್ ಇದೆ. ಅಂದರೆ ನಿಮ್ಮ ಸಹಿ ಅವರ ಜೇಬಿನಲ್ಲಿದೆ. ಅವರು ಒಳ್ಳೆಯವರೇ ಇರಬಹುದು. ಆದರೂ ನಿಮ್ಮ ಸಹಿ ನಿಮ್ಮ ಬಳಿ ಇರಬೇಕು. ಸಾಧ್ಯವಾದರೆ ನಿಮ್ಮದೇ ಸಿಮ್ ಮಾಡಿಸಿಕೊಳ್ಳಿ.

5. ಸಾಲ ಪಡೆಯುವಾಗ ಕನ್ನಡದ ಮುಖ್ಯಾಂಶ ಪತ್ರ ಕೇಳಿ. ಸಹಿಯಾದ ಪತ್ರದ ಪ್ರತಿ ಕೇಳಿ. ಇದು ಬೇಡುವ ಮಾತಲ್ಲ, ಹಕ್ಕು.

6. ಇನ್ನೊಬ್ಬರ ಸಾಲಕ್ಕೆ ನಿಮ್ಮ ಬೆರಳು, ಓಟಿಪಿ ಕೊಡಬೇಡಿ. ಕೊಡಲೇಬೇಕೆಂದು ಅನಿಸಿದರೆ, ಪೂರ್ತಿ ಸಾಲ ನಾನೇ ಕಟ್ಟಬಲ್ಲೆನೇ ಎಂದು ಮೊದಲು ಲೆಕ್ಕ ಹಾಕಿ.

7. ಹಣ ಹೋಗಿದೆ ಎಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ. ಬ್ಯಾಂಕ್ ಅಥವಾ ಸಾಲ ಸಂಸ್ಥೆ 30 ದಿನಗಳಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448.

8. ನಾಚಿಕೆಯಿಂದ ಮುಚ್ಚಿಡಬೇಡಿ. ಮೊದಲ ಪ್ರಸಂಗದ ತಾಯಿ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. "ಬುದ್ಧಿ ಇಲ್ವಾ ಅಂತಾರೆ" ಎಂಬ ಹೆದರಿಕೆ. ಮೋಸ ಮಾಡಿದವನಿಗೆ ನಾಚಿಕೆಯಾಗಬೇಕು, ಮೋಸಹೋದವರಿಗಲ್ಲ.

ಕೊನೆಯ ಮಾತು

ವಿದ್ಯುನ್ಮಾನ ಸಹಿಯನ್ನು ನಾವು ವಿರೋಧಿಸುತ್ತಿಲ್ಲ. ಒಂದು ಪಹಣಿಗಾಗಿ ಮೂರು ದಿನ ಕೂಲಿ ಬಿಟ್ಟು ತಾಲ್ಲೂಕು ಕಚೇರಿಯ ಮೆಟ್ಟಿಲಲ್ಲಿ ಕೂತವರನ್ನು ನಾವು ನೋಡಿದ್ದೇವೆ. ಅದು ತಪ್ಪಿದ್ದು ಸಣ್ಣ ಸಂಗತಿಯಲ್ಲ. ಹೌದು ಎಂದರೆ ಹೌದು, ಅಲ್ಲ ಎಂದರೆ ಅಲ್ಲ ಎಂಬ ನೇರ ನುಡಿಯನ್ನು ಪ್ರಭು ಯೇಸು ನಮ್ಮಿಂದ ಬಯಸುತ್ತಾರೆ. ಕಾನೂನು ನಮ್ಮ ಆರು ಅಂಕಿಗಳನ್ನೂ "ಹೌದು" ಎಂದೇ ಕೇಳಿಸಿಕೊಳ್ಳುತ್ತದೆ. ಯಾವುದಕ್ಕೆ ಹೌದು ಎನ್ನುತ್ತಿದ್ದೇವೆ ಎಂದು ತಿಳಿದು ಹೇಳೋಣ, ಬೇಡವಾದಾಗ ಅಲ್ಲ ಎನ್ನುವ ಧೈರ್ಯವನ್ನೂ ಬೆಳೆಸಿಕೊಳ್ಳೋಣ.

ಧರ್ಮಕೇಂದ್ರದ ಯುವಜನರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ, ನೆರೆಮನೆಯ ಹಿರಿಯರಿಗೆ ವಾರಕ್ಕೊಮ್ಮೆ ಅವರ ಫೋನಿನ ಮೆಸೇಜುಗಳನ್ನು ಓದಿ ಹೇಳಿ. ಅವತ್ತು ಸ್ಲೇಟಿನ ಮೇಲೆ ಹೆಸರು ತಿದ್ದಿಸಿದಷ್ಟೇ ಬೆಲೆಯುಳ್ಳ ಸೇವೆ ಇದು.

ಸಂಘದ ಸಭೆಯಲ್ಲಿ ಚರ್ಚಿಸಲು:

– ಕಳೆದ ಒಂದು ತಿಂಗಳಲ್ಲಿ ನಾನು ಎಲ್ಲೆಲ್ಲಿ ಬೆರಳು ಒತ್ತಿದೆ, ಯಾರಿಗೆ ಓಟಿಪಿ ಹೇಳಿದೆ? ಯಾವುದಕ್ಕೆ ಎಂದು ಗೊತ್ತಿತ್ತೇ?

– ನನ್ನ ಆಧಾರ್‌ಗೆ ಜೋಡಿಸಿದ ಫೋನ್ ಯಾರ ಕೈಯಲ್ಲಿದೆ?

– ನಮ್ಮ ಸಂಘದಲ್ಲಿ ಮೆಸೇಜು ಓದಿ ಹೇಳಬಲ್ಲ ಇಬ್ಬರನ್ನು ಗುರುತಿಸಿ, ಅವರ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯೋಣವೇ?